ಟ್ರೇಲರಿನ ವಿದ್ಯುತ್ ಬ್ರೇಕಿಗೆ ಕೈ ನಿಯಂತ್ರಕ: ಬಲ್ಬಿಗೆ ಸರಿ, ಬ್ರೇಕಿಗೆ ಜೋಡಿಸಿದರೆ ಮಾಸ್ಫೆಟ್ ಸುಡುತ್ತದೆ

ಪ್ರಶ್ನೆ (ಬ್ರಹ್ಮಾವರದಿಂದ)

ನಮಸ್ಕಾರ. ಜಾತ್ರೆಗಳಿಗೆ ಮತ್ತು ಯಕ್ಷಗಾನ ಬಯಲಾಟಗಳಿಗೆ ಜನರೇಟರ್ ಸಾಗಿಸುವ ನಮ್ಮ ಎರಡು ಚಕ್ರದ ಟ್ರೇಲರಿನಲ್ಲಿ 10 ಇಂಚಿನ ವಿದ್ಯುತ್ ಡ್ರಮ್ ಬ್ರೇಕುಗಳಿವೆ. ಜೀಪಿನ 12 ವೋಲ್ಟ್ ಬ್ಯಾಟರಿಯಿಂದ ಅವನ್ನು ಕೈಯಿಂದಲೇ ಹದವಾಗಿ ಹಿಡಿಯುವುದಕ್ಕಾಗಿ 555 ಟೈಮರ್ ಐಸಿ ಬಳಸಿ, ಸೆಕೆಂಡಿಗೆ ಸುಮಾರು 300 ಸಲ ಆನ್-ಆಫ್ ಆಗಿ, ಆನ್ ಇರುವ ಹೊತ್ತನ್ನು ಹೆಚ್ಚುಕಡಿಮೆ ಮಾಡಿ ಶಕ್ತಿಯನ್ನು ಹದಗೊಳಿಸುವ ಪಿಡಬ್ಲ್ಯುಎಂ ನಿಯಂತ್ರಕವನ್ನು ಕಟ್ಟಿದ್ದೇನೆ. ಅದರಲ್ಲಿ ಐಆರ್‌ಎಫ್ 4905 ಪಿ-ಚಾನೆಲ್ ಮಾಸ್ಫೆಟ್ (ಬ್ರೇಕಿನ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚು), ಅದರ ಗೇಟನ್ನು (ನಿಯಂತ್ರಣದ ಕಾಲು) ಕೆಳಕ್ಕೆಳೆದು ಆನ್ ಮಾಡಲು ಬಿಸಿ 547 ಟ್ರಾನ್ಸಿಸ್ಟರ್, ಗೇಟಿನಿಂದ ಸಪ್ಲೈಗೆ 100 ಕಿಲೋಓಮ್ ರೆಸಿಸ್ಟರ್, ಬ್ರೇಕಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್ 4007 ಡಯೋಡ್ ಇವೆ. 21 ವ್ಯಾಟಿನ ಬಲ್ಬು ಹಾಕಿದಾಗ ನಾಬ್ ತಿರುಗಿಸಿದಂತೆ ಬೆಳಕು ಏರಿಳಿಯುತ್ತದೆ; ಬ್ರೇಕಿಗೆ ಜೋಡಿಸಿದರೆ ಮಾತ್ರ ಮಾಸ್ಫೆಟ್ ಕೈಯಿಡಲಾಗದಷ್ಟು ಕಾದು ಕೆಡುತ್ತದೆ, ಆಮೇಲೆ ನಾಬನ್ನು ಸೊನ್ನೆಗೆ ತಂದರೂ ಚಕ್ರಗಳು ಬಿಗಿದೇ ಇರುತ್ತವೆ. ದೊಡ್ಡ ಹೀಟ್‌ಸಿಂಕ್ ಹಾಕಿದರೆ ಸರಿಯಾಗುವುದೇ?

ಉತ್ತರ (ಸುರತ್ಕಲ್‌ನಿಂದ)

ದೊಡ್ಡ ಹೀಟ್‌ಸಿಂಕ್ ಹಾಕಿದರೆ ಕೆಡುವುದು ತಡವಾದೀತು, ತಪ್ಪದು. ನಿಮ್ಮ ಬಲ್ಬು ಎರಡು ಆಂಪಿಯರಿಗಿಂತ ಕಡಿಮೆ ಎಳೆಯುತ್ತದೆ, ಕರೆಂಟು ಕಡಿದಾಗ ಸುಮ್ಮನಾಗುತ್ತದೆ. ಬ್ರೇಕಿನೊಳಗಿನ ವಿದ್ಯುತ್ಕಾಂತವಾದರೋ ಒಂದೊಂದೂ ಸುಮಾರು 3 ಆಂಪಿಯರ್ ಎಳೆಯುತ್ತದೆ, ಕರೆಂಟು ಕಡಿದ ಕ್ಷಣದಲ್ಲಿ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನು ಏರು ವೋಲ್ಟೇಜಾಗಿ ಹೊರಚೆಲ್ಲುತ್ತದೆ. ಆದ್ದರಿಂದ ಬಲ್ಬಿನ ಪರೀಕ್ಷೆ ನಿಯಂತ್ರಕದ ಪರೀಕ್ಷೆಯೇ ಅಲ್ಲ.

ಬಿಸಿಯ ಮುಖ್ಯ ಕಾರಣ ಆ 100 ಕಿಲೋಓಮ್ ಎಂದು ನನ್ನ ಅಭಿಪ್ರಾಯ. ಈ ಮಾಸ್ಫೆಟ್ಟಿನ ಗೇಟು ದೊಡ್ಡದು. ಅದರಲ್ಲಿ ತುಂಬಿದ ಚಾರ್ಜು ಅಷ್ಟು ದೊಡ್ಡ ರೆಸಿಸ್ಟರಿನ ಮೂಲಕ ಖಾಲಿಯಾಗಲು ಒಂದೆರಡು ಮಿಲಿಸೆಕೆಂಡು ಹಿಡಿಯುತ್ತದೆ, ಆದರೆ 300 ಹರ್ಟ್ಸಿನಲ್ಲಿ ಒಂದು ಇಡೀ ಆನ್-ಆಫ್ ಸುತ್ತಿಗೆ ಸಿಗುವುದೇ 3.3 ಮಿಲಿಸೆಕೆಂಡು. ಹೀಗಾಗಿ ಮಾಸ್ಫೆಟ್ ಪೂರ್ತಿ ತೆರೆಯದೆ, ಪೂರ್ತಿ ಮುಚ್ಚದೆ, ಕರೆಂಟನ್ನು ತಡೆದು ಕಡಿಮೆ ಮಾಡುವ ಹಳೆಯ ಕಾಲದ ರಿಯೋಸ್ಟಾಟಿನಂತೆ ಬಿಸಿಯಾಗುತ್ತದೆ. ಅಲ್ಲಿ 1 ಕಿಲೋಓಮಿನ ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿ, ಗೇಟು ಮತ್ತು ಸೋರ್ಸಿನ (ಸಪ್ಲೈಗೆ ಜೋಡಿಸಿದ ಕಾಲು) ನಡುವೆ, ಗೇಟಿನ ವೋಲ್ಟೇಜು ಮಿತಿ ಮೀರದಂತೆ ತಡೆಯುವ 15 ವೋಲ್ಟಿನ ಝೀನರ್ ಡಯೋಡ್ ಇಡಿ. ಬ್ರೇಕು ಹೊರಚೆಲ್ಲುವ ಶಕ್ತಿಗೆ ದಾರಿ ಕೊಡಬೇಕಾದ 1ಎನ್ 4007 ಕೇವಲ 1 ಆಂಪಿಯರಿನ ಡಯೋಡ್. ಅದು ಸುಟ್ಟು ಆ ದಾರಿ ಕಡಿದುಹೋದರೆ ಮುಂದಿನ ಹೊಡೆತವೆಲ್ಲ ಮಾಸ್ಫೆಟ್ಟಿಗೆ. ಅದರ ಬದಲು 15 ಆಂಪಿಯರಿನ ಎಂಯುಆರ್ 1560 ಬಳಸಿ, ಕ್ಯಾಥೋಡನ್ನು ಔಟ್‌ಪುಟ್ಟಿಗೂ ಆನೋಡನ್ನು ನೆಗೆಟಿವಿಗೂ ಜೋಡಿಸಿ. ಮಾಸ್ಫೆಟ್ಟುಗಳು ಕೆಡುವಾಗ ಸಾಮಾನ್ಯವಾಗಿ ಶಾರ್ಟ್ ಆಗಿ, ಅಂದರೆ ಸದಾ ಆನ್ ಆಗಿಯೇ ಕೆಡುತ್ತವೆ, ಚಕ್ರ ಬಿಗಿದೇ ಉಳಿಯಲು ಅದೇ ಕಾರಣ.

ಮರುಪ್ರಶ್ನೆ

ತಾವು ಹೇಳಿದಂತೆ ಬದಲಿಸಿದೆ, ಮಾಸ್ಫೆಟ್ ಈಗ ಬೆಚ್ಚಗಷ್ಟೇ ಇದೆ. ಆದರೆ ಎಡ ಚಕ್ರ ಸರಿಯಾಗಿ ಹಿಡಿಯುತ್ತಿಲ್ಲ. ನಾಬ್ ಪೂರ್ತಿ ತಿರುಗಿಸಿದಾಗ ಬಲಗಡೆಯ ಬ್ರೇಕಿನ ಕಾಯಿಲಿನ (ವಿದ್ಯುತ್ಕಾಂತದ ತಂತಿಸುರುಳಿ) ಎರಡು ತುದಿಗಳ ನಡುವೆ 11.4 ವೋಲ್ಟ್, ಎಡಗಡೆಯದರಲ್ಲಿ 8.6 ವೋಲ್ಟ್ ಬರುತ್ತದೆ. ಎರಡು ಕಾಯಿಲುಗಳ ರೆಸಿಸ್ಟೆನ್ಸೂ 3.8 ಓಮಿನ ಹತ್ತಿರವಿದೆ.

ಉತ್ತರ

ಹಾಗಾದರೆ ಕಾಯಿಲುಗಳು ಚೆನ್ನಾಗಿವೆ, ವೋಲ್ಟೇಜು ದಾರಿಯಲ್ಲಿ ಕಳೆದುಹೋಗುತ್ತಿದೆ. ಬ್ರೇಕನ್ನು ಪೂರ್ತಿ ಹಿಡಿದಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎಡ ಕಾಯಿಲಿನ ಅರ್ಥ್ ತುದಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವಿಗೂ ಮುಟ್ಟಿಸಿ. ಅಲ್ಲಿ ಎರಡು ವೋಲ್ಟಿಗಿಂತ ಹೆಚ್ಚು ತೋರಿದರೆ ದೋಷ ಅರ್ಥಿನಲ್ಲಿದೆ. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಚಾಸಿಗೆ ಬೋಲ್ಟ್ ಮಾಡಿದ ಅರ್ಥ್ ಬೇಗ ತುಕ್ಕು ಹಿಡಿಯುತ್ತದೆ, ಟ್ರೇಲರನ್ನು ಜೀಪಿಗೆ ಸೇರಿಸುವ ಕೊಂಡಿಯ ಕಬ್ಬಿಣವನ್ನು ಅರ್ಥಿಗಾಗಿ ನಂಬುವುದಂತೂ ಸಲ್ಲದು. ಎರಡು ಕಾಯಿಲುಗಳಿಂದಲೂ ಬ್ಯಾಟರಿಯವರೆಗೆ 4 ಚದರ ಮಿಲಿಮೀಟರಿನ ತಾಮ್ರದ ವಯರನ್ನೇ ಎಳೆಯಿರಿ. ಹೋಗಿ ಬರುವ 20 ಮೀಟರಿನಲ್ಲಿ ಇದು ಅರ್ಧ ವೋಲ್ಟಿನಷ್ಟು ಕಳೆಯುತ್ತದೆ, 1.5 ಚದರ ಮಿಲಿಮೀಟರಿನದಾದರೆ ಒಂದೂವರೆ ವೋಲ್ಟು ಹೋಗುತ್ತದೆ.

ಬ್ಯಾಟರಿಯ ಬಳಿ 15 ಆಂಪಿಯರಿನ ಫ್ಯೂಸು ಇರಲಿ. ಕೈ ಬ್ರೇಕು ಹಿಡಿದಾಗ ಟ್ರೇಲರಿನ ಬ್ರೇಕ್ ದೀಪಗಳೂ ಉರಿಯುವಂತೆ ರಿಲೇ ಜೋಡಿಸಿ. ಹೆದ್ದಾರಿ 66ರಲ್ಲಿ ಹಿಂದಿನಿಂದ ಬರುವ ಬಸ್ಸಿಗೆ ಬೇರೆ ಸೂಚನೆ ಇರುವುದಿಲ್ಲ. ಔಟ್‌ಪುಟ್ಟಿಗೆ ಒಂದು ಚಿಕ್ಕ ದೀಪ ಹಾಕಿ ಡ್ಯಾಶ್‌ಬೋರ್ಡಿನಲ್ಲಿಡಿ. ನಾಬ್ ಸೊನ್ನೆಯಲ್ಲಿದ್ದೂ ಅದು ಉರಿದರೆ ಮಾಸ್ಫೆಟ್ ಶಾರ್ಟ್ ಆಗಿದೆ ಎಂದು ತಿಳಿದು, ಡ್ರಮ್ಮು ಕಾಯುವ ಮೊದಲೇ ಗಾಡಿ ನಿಲ್ಲಿಸಬಹುದು. ಕೊಂಡಿ ಕಳಚಿದರೆ ತಾನಾಗಿ ಬ್ರೇಕು ಹಿಡಿಯುವ ಸ್ವಿಚ್ಚು ಮತ್ತು ಅದರ ಬ್ಯಾಟರಿ ಟ್ರೇಲರಿನಲ್ಲೇ ಇರಬೇಕು. ಅದನ್ನು ಪರೀಕ್ಷಿಸುವಾಗ ಜೀಪಿನ ಪ್ಲಗ್ಗನ್ನು ಮೊದಲು ಬಿಚ್ಚಿ. ಇಲ್ಲವಾದರೆ ಮಾಸ್ಫೆಟ್ಟಿನೊಳಗಿನ ಡಯೋಡಿನ ಮೂಲಕ ಟ್ರೇಲರ್ ಬ್ಯಾಟರಿಯ ಕರೆಂಟು ಜೀಪಿನತ್ತ ಹಿಂದಕ್ಕೆ ಹರಿಯಬಹುದು.