ಆಗಸ್ಟ್‌ನಲ್ಲಿ ತಂದ ಅವರೆಕಾಯಿಗೆ ಸೊಗಡೇ ಇಲ್ಲವಲ್ಲ, ಏಕೆ?

ರಾಜಾಜಿನಗರದ ಮಗಳು:
ನಮ್ಮ ತಂದೆಗೆ 78 ವರ್ಷ. ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದ ಮೇಲೆ ಬಾಯಿ ಕೆಟ್ಟಿದೆ, ಏನೂ ರುಚಿಸುತ್ತಿಲ್ಲ. ಮೊನ್ನೆ ತಾವಾಗಿಯೇ ಹಿತಕಿದ ಬೇಳೆ ಸಾರು, ಮುದ್ದೆ ಬೇಕು ಎಂದರು. ಬಾಯಿಬಿಟ್ಟು ಕೇಳಿದರಲ್ಲ ಎಂದು ನನಗೆ ಹಿಗ್ಗು. ಮನೆ ಹತ್ತಿರದ ಅಂಗಡಿಯಲ್ಲಿ ಹಚ್ಚಹಸಿರು ಅವರೆಕಾಯಿ ಸಿಕ್ಕಿತು, ಒಂದೂ ಹುಳುಕಿರಲಿಲ್ಲ. ಎರಡು ಕಿಲೋ ತಂದು ಸುಲಿದು, ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಒಂದೊಂದಾಗಿ ಹಿತಕಿ ಸಾರು ಮಾಡಿದೆ. ಅಪ್ಪ ಮುದ್ದೆ ಮುರಿದು, ಅದ್ದಿ, ಒಂದು ತುತ್ತು ನುಂಗಿದರು. "ಇದು ಅವರೆ ಅಲ್ಲಮ್ಮ" ಎಂದರು. ಮಸಾಲೆ ಅಮ್ಮ ಹೇಳಿಕೊಟ್ಟದ್ದೇ. ನಾನು ಎಲ್ಲಿ ತಪ್ಪಿದೆ?

ಮಾಗಡಿ ಹೊಲದವನು:
ನಿಮ್ಮ ಕೈಯಲ್ಲಿ ತಪ್ಪಿಲ್ಲ ತಾಯಿ, ಕಾಯಿಗೆ ಇದು ಕಾಲವಲ್ಲ. ನಮ್ಮ ಹಳ್ಳಿಯಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ ಬಿತ್ತುತ್ತಿದ್ದೆವು. ಮಳೆಗಾಲವೆಲ್ಲ ಬಳ್ಳಿ ಸುಮ್ಮನೆ ಎಲೆ ಬಿಟ್ಟುಕೊಂಡಿರುತ್ತಿತ್ತು. ಆ ನಾಟಿ ತಳಿ ಹಗಲು ಕಿರಿದಾಗದೆ ಹೂ ಕಟ್ಟುವುದಿಲ್ಲ. ರಾಗಿ ಕೊಯ್ಲಿನ ಹೊತ್ತಿಗೆ ಹೂ, ಡಿಸೆಂಬರ್ ಜನವರಿಯ ಇಬ್ಬನಿಯಲ್ಲಿ ಕಾಯಿ. ಈಗ ನೀವು ತಂದದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಎಚ್‌ಎ-3, ಎಚ್‌ಎ-4 ಥರದ ಹೆಬ್ಬಾಳ ಅವರೆ ಇರಬೇಕು. ಅದಕ್ಕೆ ಹಗಲಿನ ಲೆಕ್ಕವಿಲ್ಲ, ಯಾವ ತಿಂಗಳಲ್ಲಿ ಬಿತ್ತಿದರೂ ಹೂ ಬಿಡುತ್ತದೆ. ಸೊಗಡು ಮಾತ್ರ ನಾಟಿಯಷ್ಟು ಬರುವುದಿಲ್ಲ.

ಸೊಗಡಿರುವುದು ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿ. ಕೊಳ್ಳುವ ಮುಂಚೆ ಒಂದು ಕಾಯಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ಮೂಸಿ ನೋಡಿ. ಬೆರಳು ಅಂಟಂಟಾಗಬೇಕು, ಸೋಪು ಹಾಕಿ ತೊಳೆದರೂ ವಾಸನೆ ಬಿಡಬಾರದು. ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮ ಅವ್ವನ ಸೆರಗಿಗೂ ಅದೇ ವಾಸನೆ ಹತ್ತಿರುತ್ತಿತ್ತು. ಅಲ್ಲೊಂದು ಇಲ್ಲೊಂದು ಹುಳು ಕೊರೆದ ತೂತಿದ್ದರೆ ಹಿಂಜರಿಯಬೇಡಿ, ಸುಲಿಯುವಾಗ ತೆಗೆದರಾಯಿತು.

ದೇವನಹಳ್ಳಿ ಬೆಳೆಗಾರ:
ಸೊಗಡಿನ ಮಾತು ಒಪ್ಪುತ್ತೇನೆ. ಆದರೆ ಹೆಬ್ಬಾಳ ಅವರೆಯನ್ನು ಕಡೆಗಣಿಸಬೇಡಿ. ಅದು ಬೇಗ ಕೈಗೆ ಬರುವ ಗಿಡ್ಡ ತಳಿ. ಬೇರೆ ಬೆಳೆ ಕೈಕೊಟ್ಟ ವರ್ಷ ನನ್ನ ಮಕ್ಕಳ ಶಾಲೆಯ ಶುಲ್ಕ ಕಟ್ಟಿದ್ದು ಅದರಿಂದಲೇ. ಉಪ್ಪಿಟ್ಟಿಗೆ, ಪಲ್ಯಕ್ಕೆ ಚೆನ್ನಾಗಿಯೇ ಇರುತ್ತದೆ. ಹಿತಕಿದ ಬೇಳೆಗೆ ನಾವೂ ಮನೆಯಲ್ಲಿ ಚಳಿಗಾಲಕ್ಕೇ ಕಾಯುತ್ತೇವೆ.

ಗಾಂಧಿ ಬಜಾರ್ ಅಜ್ಜಿ:
ಮಗಳೇ, ಕೆಟ್ಟ ಬಾಯಿಗೆ ಈಗ ಬರುತ್ತಿರುವ ಸೀತಾಫಲ ಕೊಟ್ಟು ನೋಡು. ಕಣ್ಣುಗಳ ನಡುವಿನ ಗೆರೆ ಅಗಲವಾಗಿ, ತಿಳಿಹಳದಿಗೆ ತಿರುಗಿದ ಕಾಯಿ ಆರಿಸು. ಅಕ್ಕಿ ಡಬ್ಬಿಯಲ್ಲಿ ಎರಡು ಮೂರು ದಿನ ಹುದುಗಿಸಿಟ್ಟರೆ ಮೆತ್ತಗಾಗುತ್ತದೆ. ಬೀಜ ತೆಗೆದು ಬಟ್ಟಲಿಗೆ ಹಾಕಿ ಕೊಡು. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಬೇಡ, ಮೊದಲು ವೈದ್ಯರನ್ನು ಕೇಳು. ಡಿಸೆಂಬರ್ ಕೊನೆಗೋ ಜನವರಿಯ ಮೊದಲಿಗೋ ವಿ.ವಿ. ಪುರಂ ಕಡೆ ಅವರೆಬೇಳೆ ಮೇಳ ನಡೆಯುತ್ತದೆ, ಆಗ ಅಪ್ಪನನ್ನು ಕರೆದುಕೊಂಡು ಬಾ.

ರಾಜಾಜಿನಗರದ ಮಗಳು:
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಮಲಗಿದ್ದವರು "ಅಕ್ಕಡಿ ಸಾಲು" ಎಂದ ಕೂಡಲೇ ಎದ್ದು ಕುಳಿತರು. ಸಾಸಿವೆ, ಹುಚ್ಚೆಳ್ಳು, ಅವರೆ ಎಂದು ತಮ್ಮ ಹೊಲದ ಸಾಲುಗಳನ್ನು ಬೆರಳು ಮಡಿಸಿ ಎಣಿಸಿದರು. ಇಷ್ಟು ಮಾತನಾಡಿ ತಿಂಗಳಾಗಿತ್ತು. ಸೀತಾಫಲ ನಾಳೆಯೇ ತರುತ್ತೇನೆ. ಜನವರಿಯಲ್ಲಿ ಕೆ.ಆರ್. ಮಾರುಕಟ್ಟೆಗೆ ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯ ಕಾಯಿ ಸಿಗುತ್ತದೆ?

ಮಾಗಡಿ ಹೊಲದವನು:
ಬೆಳಕು ಹರಿಯುವ ಮುಂಚೆಯೇ ಹೋಗಿ, ಮೂಟೆ ಬಿಚ್ಚಿ ರಾಶಿ ಸುರಿಯುವ ಹೊತ್ತದು. ಬಟ್ಟೆ ಚೀಲ ಒಯ್ಯಿರಿ, ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಕಾಯಿ ಬೆವೆತು ಮುಗ್ಗುತ್ತದೆ. ಸಾಧ್ಯವಾದರೆ ತಂದೆಯವರನ್ನೂ ಕರೆದೊಯ್ಯಿರಿ. ಚಳಿ ಇರುತ್ತದೆ, ಕಿವಿಗೆ ಮಫ್ಲರ್ ಕಟ್ಟಿ. ಮೂಸಿ ನೋಡುವ ಕೆಲಸ ಅವರಿಗೇ ಬಿಡಿ.