ಅಪ್‌ಡೇಟ್: ರೈಫಲ್ ಜೊತೆ ಕ್ಯಾಲಿಫೋರ್ನಿಯಾ ತಲುಪಿದೆ

ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಗೆ ಮನೆ ಬದಲಾಯಿಸುವಾಗ ನನ್ನ ಎಆರ್ ಮಾದರಿಯ (ಎಆರ್-15ರಂಥ) ರೈಫಲ್ ತರಬಹುದಾ, ನಳಿಗೆ ತುದಿಯ ಫ್ಲ್ಯಾಶ್ ಹೈಡರ್‌ಗೆ (ಗುಂಡು ಹಾರುವಾಗಿನ ಬೆಳಕು ತಗ್ಗಿಸುವ ಭಾಗ) ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಹೊರಡುವ ಮೊದಲೇ ಎಲ್ಲ ಬದಲಾಯಿಸಿದೆ. ಇದು ತುಂಬಾ ಮುಖ್ಯ. ಇಲ್ಲಿ ಮ್ಯಾಗಜಿನ್ ಕಳಚಬಹುದಾದ ಸೆಮಿ ಆಟೋಮ್ಯಾಟಿಕ್ (ಕುದುರೆ ಒತ್ತಿದಷ್ಟು ಸಲ ಒಂದೊಂದೇ ಗುಂಡು ಹಾರಿಸಿ, ಮುಂದಿನದನ್ನು ತಾನೇ ತುಂಬಿಕೊಳ್ಳುವ) ಸೆಂಟರ್‌ಫೈರ್ (ತೋಟಾ ಬುಡದ ನಡುವೆ ಕಿಡಿ ಹೊತ್ತುವ) ರೈಫಲ್‌ಗೆ ಫ್ಲ್ಯಾಶ್ ಹೈಡರ್ ಒಂದಿದ್ದರೂ ಸಾಕು, ಅದು ಕಾನೂನಿನ ಲೆಕ್ಕದಲ್ಲಿ 'ಅಸಾಲ್ಟ್ ವೆಪನ್', ಅಂದರೆ ನಿಷಿದ್ಧ ಆಯುಧ, ಆಗಿಬಿಡುತ್ತದೆ. ಗಡಿ ದಾಟಿ ಬಿಚ್ಚೋಣ ಅಂದರೆ ತಡವಾಯಿತು. ಅದರ ಬದಲು ಹಾಕುವ ಮಜಲ್ ಬ್ರೇಕ್‌ಗೆ (ರೈಫಲ್ ಹಿಂದಕ್ಕೆ ಒದೆಯುವುದನ್ನು ತಗ್ಗಿಸುವ ಭಾಗ) ಅಡ್ಡಿಯಿಲ್ಲ. ಆದರೆ ಕೆಲವು ಬ್ರೇಕ್‌ಗಳು ಗುಂಡು ಹಾರುವಾಗಿನ ಬೆಳಕನ್ನೂ ತಗ್ಗಿಸುತ್ತವೆ, ಸುಮ್ನೆ ಹೆಸರು ನೋಡಿ ಕೊಳ್ಳಬೇಡಿ. ಇದೇ ನಿಯಮಕ್ಕಾಗಿ ಪಿಸ್ತೂಲ್ ಗ್ರಿಪ್ (ಪಿಸ್ತೂಲಿನಂಥ ಹಿಡಿಕೆ) ಹೋಗಿ ಫಿನ್ ಗ್ರಿಪ್ (ಹೆಬ್ಬೆರಳು ಸುತ್ತಿ ಹಿಡಿಯಲಾಗದಂತೆ ರೆಕ್ಕೆಯಿರುವ ಹಿಡಿಕೆ) ಬಂತು, ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಜರುಗದಂತೆ ಪಿನ್ ಹಾಕಿಸಿದೆ. 10 ಗುಂಡಿಗಿಂತ ಜಾಸ್ತಿ ಹಿಡಿಯುವ ಮ್ಯಾಗಜಿನ್‌ಗಳನ್ನು ತರಲೇ ಇಲ್ಲ. ಕೆಲವು ಮಾದರಿಗಳು ಹೆಸರಿನಿಂದಲೇ ನಿಷಿದ್ಧ, ಆ ಪಟ್ಟಿಯನ್ನು ಮೊದಲು ನೋಡಿ.

ಬಂದ 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ತಿಳಿಸಬೇಕು. ಅದೂ ಆಯಿತು. ಕೊಡಗಿನಲ್ಲಿ ಲೈಸೆನ್ಸ್ ಬೇಡದ ಕೋವಿ ನೋಡುತ್ತ ಬೆಳೆದವನು ನಾನು, ಇದನ್ನೆಲ್ಲ ಮೊದಲಿನಿಂದ ಕಲಿಯಬೇಕಾಯಿತು.

ನ್ಯೂಯಾರ್ಕ್‌ಗೆ ಹೋಗುವವರು ನನ್ನ ದಾರಿ ಹಿಡಿಯಬೇಡಿ. ಅಲ್ಲಿನ 2013ರ ಕಾನೂನು ಇಂಥ ರೈಫಲ್‌ಗಳಲ್ಲಿ ಮಜಲ್ ಬ್ರೇಕನ್ನೂ ಬಿಡುವುದಿಲ್ಲ.