ಚಿನ್ನದ ನ್ಯಾನೋ ಕಣ: ಕೆಂಪಗಿದ್ದ ದ್ರಾವಣ ಬಫರ್ ಹಾಕಿದ ತಕ್ಷಣ ನೀಲಿ ಆಯ್ತು, ಯಾಕೆ?

ಹೊಸ_ಲ್ಯಾಬ್:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಚಿನ್ನದ ನ್ಯಾನೋ ಕಣ ಮಾಡುತ್ತಿದ್ದೇನೆ. 1 ಮಿಲಿಮೋಲಾರ್ ಕ್ಲೋರೋಆರಿಕ್ ಆಸಿಡ್ 20 ಎಂಎಲ್ ಕುದಿಸಿ, ಶೇ 1ರ ಸೋಡಿಯಂ ಸಿಟ್ರೇಟ್ 2 ಎಂಎಲ್ ಒಮ್ಮೆಗೇ ಸುರಿದೆ. ಹಳದಿ ಹೋಗಿ ಬರೀ ನೀರಿನ ಹಾಗೆ ಆಯ್ತು, ಆಮೇಲೆ ಮಸಿ ಕಲಸಿದ ಹಾಗೆ ಕಪ್ಪಾಯ್ತು, ನೇರಳೆಗೆ ತಿರುಗಿ ಕೊನೆಗೆ ಮಾಣಿಕ್ಯದಂಥ ಕೆಂಪು ಬಂತು. ತುಂಬಾ ಖುಷಿ ಆಗಿತ್ತು. 519 ನ್ಯಾನೋಮೀಟರ್‌ನಲ್ಲಿ ಪೀಕ್ (ದ್ರಾವಣ ಅತಿ ಹೆಚ್ಚು ಬೆಳಕು ಹೀರುವ ಜಾಗ) ಕೂಡ ಸಿಕ್ಕಿತು.

ಮಾರನೆಯ ದಿನ ಇದಕ್ಕೆ ಆಂಟಿಬಾಡಿ ಅಂಟಿಸೋಣ ಅಂತ, ಪಿಬಿಎಸ್ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಕಾಯುವ ಫಾಸ್ಫೇಟ್ ದ್ರಾವಣ) ಕರಗಿಸಿಟ್ಟಿದ್ದ ಆಂಟಿಬಾಡಿಯನ್ನು ಹಾಕಿದೆ. ಪಿಪೆಟ್ ಕೆಳಗಿಡುವಷ್ಟರಲ್ಲಿ ನೇರಳೆ, ನೋಡನೋಡುತ್ತಾ ನೀಲಿ. ಸಂಜೆ ಹೊತ್ತಿಗೆ ತಳದಲ್ಲಿ ಕಪ್ಪು ಪುಡಿ ಕೂತಿತ್ತು. ನೀರು ಹಾಕಿ ತೆಳು ಮಾಡಿದರೂ ಕೆಂಪು ವಾಪಸ್ ಬರಲಿಲ್ಲ. ಕಣಗಳು ಬೆಳೆದು ದೊಡ್ಡದಾದವಾ? ಆಂಟಿಬಾಡಿ ಕೆಟ್ಟಿದೆಯಾ?

ಇನ್ನೊಂದು ಪ್ರಶ್ನೆ. ಚಿನ್ನ ಯಾವುದರ ಜೊತೆಗೂ ಬೆರೆಯಲ್ಲ, ಅದಕ್ಕೇ ಶ್ರೇಷ್ಠ ಲೋಹ ಅಂತೀವಿ ಅಲ್ವಾ? ಹಾಗಿದ್ದಮೇಲೆ ವೇಗವರ್ಧಕವಾಗಿ ಹೇಗೆ ಕೆಲಸ ಮಾಡುತ್ತೆ? ವೈವಾದಲ್ಲಿ ಇದನ್ನು ಕೇಳೇ ಕೇಳುತ್ತಾರೆ.

ಕೊಲಾಯ್ಡ್_77:

ಆಂಟಿಬಾಡಿ ಮೇಲೆ ಅನುಮಾನ ಬೇಡ. ನಿಮ್ಮ ಕಣಗಳನ್ನು ಕೆಡಿಸಿದ್ದು ಬಫರಿನಲ್ಲಿರುವ ಉಪ್ಪು. ಕಣಗಳು ದೊಡ್ಡದಾಗಿಯೂ ಇಲ್ಲ, ಒಂದಕ್ಕೊಂದು ಅಂಟಿಕೊಂಡಿವೆ ಅಷ್ಟೇ.

ನೀವು ಹಾಕಿದ ಸಿಟ್ರೇಟ್ ಎರಡು ಕೆಲಸ ಮಾಡಿದೆ. ಮೊದಲು ಚಿನ್ನದ ಅಯಾನನ್ನು ಲೋಹ ಮಾಡಿತು, ಆಮೇಲೆ ಹುಟ್ಟಿದ ಕಣದ ಮೈಮೇಲೆ ಕೂತು ಅದಕ್ಕೆ ಋಣ ಚಾರ್ಜ್ ಕೊಟ್ಟಿತು. ಎಲ್ಲಾ ಕಣಕ್ಕೂ ಒಂದೇ ಚಾರ್ಜ್, ಹಾಗಾಗಿ ಹತ್ತಿರ ಬಂದರೆ ದೂಡಿಕೊಳ್ಳುತ್ತವೆ, ದ್ರಾವಣ ತಿಂಗಳುಗಟ್ಟಲೆ ಹಾಗೇ ಇರುತ್ತೆ. ಉಪ್ಪು ಬಿತ್ತು ಅಂದ್ರೆ ಸೋಡಿಯಂ ಅಯಾನುಗಳು ಸುತ್ತುವರಿದು ಆ ಚಾರ್ಜನ್ನು ಮರೆಮಾಡುತ್ತವೆ. ದೂಡುವ ಬಲ ಕುಗ್ಗಿದ ಮೇಲೆ ಎಳೆಯುವ ಬಲದ್ದೇ ಮೇಲುಗೈ, ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತೆ. ಆಮೇಲೆ ನೀರು ಹಾಕಿ ಉಪ್ಪು ತೆಳು ಮಾಡಿದರೂ ಬಿಡಿಸಲು ಬರಲ್ಲ.

ಇನ್ನು ಬಣ್ಣ. ಬೆಳಕು ಬಿದ್ದಾಗ ಕಣದೊಳಗಿನ ಎಲೆಕ್ಟ್ರಾನುಗಳು ಎಲ್ಲವೂ ಒಟ್ಟಿಗೆ ಆಚೆಗೂ ಈಚೆಗೂ ತೂಗುತ್ತವೆ. ಇದನ್ನೇ ಪ್ಲಾಸ್ಮಾನ್ ಅನ್ನುವುದು. ಈ ತೂಗಾಟಕ್ಕೆ ಸರಿಹೊಂದುವುದು 520ರ ಆಸುಪಾಸಿನ ಹಸಿರು ಬೆಳಕು. ಕಣ ಹಸಿರನ್ನು ನುಂಗುತ್ತೆ, ನಮಗೆ ಕೆಂಪು ಉಳಿಯುತ್ತೆ. ಎರಡು ಕಣ ಪಕ್ಕಪಕ್ಕ ಬಂದರೆ ಒಂದರ ತೂಗಾಟ ಇನ್ನೊಂದನ್ನು ಎಳೆಯುತ್ತೆ, ಆಗ ಕೆಂಪು ಬೆಳಕನ್ನೂ ನುಂಗತೊಡಗುತ್ತವೆ, ನಮಗೆ ನೀಲಿ ಕಾಣಿಸುತ್ತೆ. ಅಂದ್ರೆ ಕಣಗಳ ನಡುವಿನ ಅಂತರ ಎಷ್ಟು ಅನ್ನುವುದನ್ನು ಬಣ್ಣವೇ ಹೇಳುತ್ತಿದೆ. ಮೈಕ್ರೋಸ್ಕೋಪ್ ಇಲ್ಲದೆ ಬರಿಗಣ್ಣಿನಲ್ಲಿ ಕೆಲವೇ ನ್ಯಾನೋಮೀಟರ್ ವ್ಯತ್ಯಾಸ ಕಾಣುವುದು ಅಂದ್ರೆ ಸಣ್ಣ ವಿಷಯವಲ್ಲ, ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ಮೈಕೆಲ್ ಫ್ಯಾರಡೆ 1857ರಲ್ಲೇ ಇದನ್ನು ಕಂಡಿದ್ದರು. ಮಾಣಿಕ್ಯ ಬಣ್ಣದ ಚಿನ್ನದ ದ್ರಾವಣಕ್ಕೆ ಉಪ್ಪು ಹಾಕಿದರೆ ನೀಲಿ ಆಗುತ್ತೆ ಅಂತ ಬರೆದಿದ್ದಾರೆ. ಅವರ ಕಾಲದ ಬಾಟಲಿಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಬಣ್ಣ ಉಳಿಸಿಕೊಂಡು ಇವತ್ತಿಗೂ ಇವೆ.

ಹೀಗೆ ಮಾಡಿ ನೋಡಿ: ಆಂಟಿಬಾಡಿಯನ್ನು ಉಪ್ಪು ಕಡಿಮೆ ಇರುವ ಬಫರಿಗೆ ಡಯಾಲಿಸಿಸ್ ಮಾಡಿ (ಜರಡಿಯಂಥ ಪೊರೆಯ ಮೂಲಕ ಉಪ್ಪು ಹೊರಗೆ ಹೋಗಲು ಬಿಡಿ). ಕಣದ ದ್ರಾವಣದ ಪಿಎಚ್ ಅನ್ನು ಆಂಟಿಬಾಡಿಯ ಐಸೋಎಲೆಕ್ಟ್ರಿಕ್ ಬಿಂದುವಿಗಿಂತ (ಅದರ ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್) ಚೂರು ಮೇಲಿಡಿ. ಸಣ್ಣ ಟ್ಯೂಬುಗಳಲ್ಲಿ ಆಂಟಿಬಾಡಿ ಪ್ರಮಾಣ ಹೆಚ್ಚಿಸುತ್ತಾ ಹೋಗಿ, ಹತ್ತು ನಿಮಿಷ ಬಿಟ್ಟು ಪ್ರತಿಯೊಂದಕ್ಕೂ ಶೇ 10ರ ಉಪ್ಪುನೀರು ಹಾಕಿ. ಯಾವ ಟ್ಯೂಬಿನಿಂದ ಮುಂದೆ ಕೆಂಪು ಉಳಿಯುತ್ತೋ ಅಲ್ಲಿಗೆ ಕಣದ ಮೈ ಪೂರ್ತಿ ಮುಚ್ಚಿದೆ ಅಂತ ಅರ್ಥ.

ಕ್ಯಾಟಲಿಸ್ಟ್_ಮನೆ:

ವೇಗವರ್ಧಕದ ಪ್ರಶ್ನೆಗೆ ನಾನು ಹೇಳುತ್ತೇನೆ. ಚಿನ್ನ ಏನೂ ಮಾಡಲ್ಲ ಅನ್ನುವ ಮಾತು ಗಟ್ಟಿ ಚಿನ್ನಕ್ಕೆ ಸರಿ. ಕಣ ಸಣ್ಣದಾದಂತೆ ಮೇಲ್ಮೈಯಲ್ಲಿರುವ ಪರಮಾಣುಗಳ ಪಾಲು ಏರುತ್ತೆ, 2-3 ನ್ಯಾನೋಮೀಟರಿಗೆ ಬಂದರೆ ಹತ್ತಿರಹತ್ತಿರ ಅರ್ಧದಷ್ಟು ಪರಮಾಣುಗಳು ಹೊರಗೇ ಇರುತ್ತವೆ. ಅದರಲ್ಲೂ ಅಂಚು ಮೂಲೆಗಳಲ್ಲಿರುವ ಪರಮಾಣುಗಳಿಗೆ ಅಕ್ಕಪಕ್ಕದ ನೆಂಟರು ಕಡಿಮೆ, ಹೊರಗಿನ ಅಣುವನ್ನು ಹಿಡಿದುಕೊಳ್ಳಲು ಕೈ ಖಾಲಿ ಇರುತ್ತೆ. ಜಪಾನಿನ ಮಸಾತಾಕೆ ಹರುತಾ ಮತ್ತು ಸಂಗಡಿಗರು 1987ರಲ್ಲಿ ಕಬ್ಬಿಣದ ಆಕ್ಸೈಡಿನಂಥ ಆಕ್ಸೈಡುಗಳ ಮೇಲೆ ಸಣ್ಣ ಚಿನ್ನದ ಕಣ ಕೂರಿಸಿ, ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಕಾರ್ಬನ್ ಮಾನಾಕ್ಸೈಡನ್ನು ಆಕ್ಸಿಡೀಕರಿಸಿ ತೋರಿಸಿದರು. ಅಲ್ಲಿ ಆಕ್ಸೈಡ್ ಸುಮ್ನೆ ಕೂರಿಸುವ ಮಣೆ ಅಲ್ಲ. ಚಿನ್ನ ಮತ್ತು ಆಕ್ಸೈಡ್ ಕೂಡುವ ಗಡಿಯಲ್ಲೇ ಜಾಸ್ತಿ ಕೆಲಸ ನಡೆಯುತ್ತೆ. ವೈವಾದಲ್ಲಿ ಇದನ್ನು ಮರೆಯಬೇಡಿ, ಬರೀ ಮೇಲ್ಮೈ ವಿಸ್ತೀರ್ಣ ಅಂತ ಹೇಳಿ ನಿಲ್ಲಿಸಿದರೆ ಉತ್ತರ ಅರ್ಧ ಮಾತ್ರ.

ಕಾರಿನ ಹೊಗೆಕೊಳವೆಯ ಕನ್ವರ್ಟರಿನಲ್ಲೂ ಇದೇ ಕುಟುಂಬದ ಸಣ್ಣ ಕಣಗಳಿವೆ. ಪ್ಲಾಟಿನಂ, ಪಲ್ಲಾಡಿಯಂ ಸೇರಿ ಕಾರ್ಬನ್ ಮಾನಾಕ್ಸೈಡ್ ಮತ್ತು ಸುಡದೆ ಉಳಿದ ಇಂಧನವನ್ನು ಸುಡುತ್ತವೆ, ರೋಡಿಯಂ ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುತ್ತೆ. ಬಿಸಿಯಲ್ಲಿ ಈ ಕಣಗಳು ಕೂಡಿಕೊಂಡು ದಪ್ಪ ಆದರೆ ಕನ್ವರ್ಟರಿನ ಶಕ್ತಿ ಕುಗ್ಗುತ್ತೆ. ದಾರಿ ಬೇರೆ, ಆದರೆ ಇಲ್ಲೂ ಕಣ ಕಣ ಒಂದಾಗುವುದೇ ಶತ್ರು.

ಕೈಯಾರೆ ನೋಡಬೇಕು ಅಂದ್ರೆ 4-ನೈಟ್ರೋಫೀನಾಲ್ ಪ್ರಯೋಗ ಮಾಡಿ. ಸೋಡಿಯಂ ಬೋರೋಹೈಡ್ರೈಡ್ ಹಾಕಿದಾಗ ಗಾಢ ಹಳದಿ ಬರುತ್ತೆ, 400ರಲ್ಲಿ ಪೀಕ್. ಹಾಗೇ ಬಿಟ್ಟರೆ ಎಷ್ಟು ಹೊತ್ತಾದರೂ ಹಳದಿಯೇ. ನಿಮ್ಮ ಕೆಂಪು ದ್ರಾವಣ ಒಂದೆರಡು ಹನಿ ಬಿದ್ದ ಮೇಲೆ ಹಳದಿ ಕರಗುತ್ತಾ ಹೋಗುತ್ತೆ. ಪೀಕ್ ಇಳಿಯುವುದನ್ನು ನಿಮಿಷ ನಿಮಿಷಕ್ಕೂ ಬರೆದುಕೊಂಡರೆ ಪ್ರತಿಕ್ರಿಯೆಯ ವೇಗವೂ ಸಿಗುತ್ತೆ. ಬೋರೋಹೈಡ್ರೈಡನ್ನು ಪ್ರತಿ ಸಲ ಹೊಸದಾಗಿ ಕಲಸಿಕೊಳ್ಳಿ, ಹೈಡ್ರೋಜನ್ ಬರುವುದರಿಂದ ಮುಚ್ಚಳ ಬಿಗಿ ಮಾಡಬೇಡಿ.

ಔಷಧಿ_ಮತ್ತು_ಕಣ:

ಒಂದು ಮಾತು ಸೇರಿಸುತ್ತೇನೆ, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಕಾಣುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ಕಣವೇ, ಆದರೆ ಅಲ್ಲಿ ಬಣ್ಣ ಬದಲಾಗಲ್ಲ. ಆಂಟಿಬಾಡಿ ಹೊತ್ತ ಕಣಗಳು ಹರಿದು ಬಂದು ಒಂದೇ ಗೆರೆಯಲ್ಲಿ ಗುಂಪಾಗಿ ಸಿಕ್ಕಿಬೀಳುತ್ತವೆ, ಅದಕ್ಕೇ ಗೆರೆ ಕಾಣುತ್ತೆ. ಕೆಂಪಿನಿಂದ ನೀಲಿಗೆ ತಿರುಗುವ ಸೆನ್ಸರ್ ಬೇರೆಯೇ ಜಾತಿ. 1996ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಚಾಡ್ ಮರ್ಕಿನ್ ಮತ್ತು ಸಂಗಡಿಗರು ಕಣಗಳಿಗೆ ಡಿಎನ್‌ಎ ಎಳೆ ಕಟ್ಟಿ ಅದನ್ನು ತೋರಿಸಿದರು. ಜೋಡಿ ಎಳೆ ಸಿಕ್ಕರೆ ಕಣಗಳು ಹತ್ತಿರ ಬಂದು ಬಣ್ಣ ತಿರುಗುತ್ತೆ, ಬಿಸಿ ಮಾಡಿದರೆ ಎಳೆ ಬಿಚ್ಚಿಕೊಂಡು ಮತ್ತೆ ಕೆಂಪು. ನಿಮ್ಮ ಟ್ಯೂಬಿನಲ್ಲಿ ಲೋಹ ನೇರ ಅಂಟಿಕೊಂಡಿತು, ಅದಕ್ಕೇ ವಾಪಸ್ ಬರಲಿಲ್ಲ.

ರಕ್ತದಲ್ಲೂ ಉಪ್ಪಿದೆ, ಪ್ರೋಟೀನೂ ಇದೆ. ಹಾಗಾಗಿ ಔಷಧಿಯ ಕೆಲಸಕ್ಕೆ ಹೊರಗಿನ ಹೊದಿಕೆಯೇ ಮುಖ್ಯ, ಹೆಚ್ಚಿನವರು ಪಾಲಿಎಥಿಲೀನ್ ಗ್ಲೈಕಾಲ್ ಬಳಸುತ್ತಾರೆ. ಉದ್ದನೆಯ ಚಿನ್ನದ ಕಡ್ಡಿಗಳು ಚರ್ಮ ದಾಟಿ ಸ್ವಲ್ಪ ಒಳಗೆ ಹೋಗಬಲ್ಲ ಅವಗೆಂಪು ಬೆಳಕನ್ನು ಹೀರಿ ಬಿಸಿಯಾಗುತ್ತವೆ, ಆ ಬಿಸಿಯಿಂದ ಗಡ್ಡೆಯನ್ನು ಸುಡುವುದು ಯೋಚನೆ. ಒಳ್ಳೆಯ ಯೋಚನೆ, ಆದರೆ ಸುಮಾರು 6 ನ್ಯಾನೋಮೀಟರಿಗಿಂತ ದೊಡ್ಡ ಕಣ ಕಿಡ್ನಿಯಿಂದ ಸೋಸಿ ಹೋಗಲ್ಲ, ಲಿವರ್ ಮತ್ತು ಗುಲ್ಮದಲ್ಲಿ ಬಹಳ ದಿನ ಉಳಿಯುತ್ತೆ. ಇದನ್ನು ಬಿಟ್ಟು ಬರೀ ಲಾಭದ ಪಟ್ಟಿ ಬರೆಯುವ ಲೇಖನಗಳನ್ನು ಪೂರ್ತಿ ನಂಬಬೇಡಿ.

ಹೊಸ_ಲ್ಯಾಬ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಆಂಟಿಬಾಡಿ ಖರ್ಚು ಮಾಡದೆ ಮೊದಲು ಬಿಎಸ್‌ಎ (ಹಸುವಿನ ರಕ್ತದಿಂದ ತೆಗೆದ ಆಲ್ಬುಮಿನ್) ಪ್ರೋಟೀನಿನಲ್ಲೇ ಮಾಡಿ ನೋಡಿದೆ. ಏಳು ಟ್ಯೂಬು ಸಾಲಾಗಿಟ್ಟು ಉಪ್ಪುನೀರು ಹಾಕಿದೆ. ಮೊದಲ ಮೂರು ನೀಲಿ, ನಾಲ್ಕನೆಯದು ನೇರಳೆ, ಐದರಿಂದ ಮುಂದೆ ಕೆಂಪು ಹಾಗೇ ನಿಂತಿದೆ! ಆದರೆ ಕೆಂಪಗಿರುವ ಟ್ಯೂಬಿನ ಪೀಕ್ 519ರಿಂದ 524ಕ್ಕೆ ಹೋಗಿದೆ. ಮತ್ತೆ ಅಂಟಿಕೊಳ್ಳಲು ಶುರುವಾಗಿದೆಯಾ?

ಕೊಲಾಯ್ಡ್_77:

ಇಲ್ಲ. ಅಂಟಿಕೊಂಡಿದ್ದರೆ ಪೀಕ್ ಅಗಲ ಆಗಿ 600ರ ಆಚೆ ಉಬ್ಬು ಬರುತ್ತಿತ್ತು. ಆಕಾರ ಹಾಗೇ ಇದ್ದು ಬರೀ ನಾಲ್ಕೈದು ನ್ಯಾನೋಮೀಟರ್ ಜರುಗಿದ್ದರೆ ಅದು ಕಣದ ಮೇಲೆ ಪ್ರೋಟೀನ್ ಪದರ ಕೂತ ಗುರುತು. ಆಂಟಿಬಾಡಿ ಹಾಕಿದಾಗಲೂ ಇದೇ ಜರುಗುವಿಕೆಯನ್ನು ಹುಡುಕಿ. ಇನ್ನೊಂದು, ಮಿಕ್ಕಿದ ದ್ರಾವಣವನ್ನು ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಡಿ, ಫ್ರೀಜರಿಗೆ ಮಾತ್ರ ಬೇಡ. ಮಂಜುಗಡ್ಡೆ ಆಗುವಾಗ ಕಣಗಳೆಲ್ಲ ಒಂದು ಕಡೆ ಒತ್ತಿಕೊಂಡು ಮತ್ತೆ ನೀಲಿಯೇ ಆಗುತ್ತೆ.